ವಿಭಾಗದ ಚರಿತ್ರೆ ಎಲ್ಲರಿಗೂ ಒಂದೇ ಅಲ್ಲ

ಮಾನ್ಯರೇ,

ಕಲಬುರಗಿ ವಿಭಾಗದ ಏಳೂ ಜಿಲ್ಲೆಗಳು ನಿಜಾಮರ ಆಳ್ವಿಕೆಯಲ್ಲಿದ್ದವು ಎಂಬಂತೆ ಪ್ರತಿ ಸೆಪ್ಟೆಂಬರ್ 17ರಂದು, ಕಲ್ಯಾಣ ಕರ್ನಾಟಕ ಉತ್ಸವದ ದಿನ, ಭಾಷಣಗಳು ಕೇಳಿಬರುತ್ತವೆ. ಇದು ಸರಿಯಲ್ಲ.

ಬೀದರ್, ಕಲಬುರಗಿ, ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದವು. ಕೊಪ್ಪಳ, ಯಾದಗಿರಿ ಆಮೇಲೆ ಅವುಗಳಿಂದಲೇ ಒಡೆದು ಬಂದ ಜಿಲ್ಲೆಗಳು. ಬಳ್ಳಾರಿಯ ಕಥೆಯೇ ಬೇರೆ. ಅದು ಮದ್ರಾಸ್ ಪ್ರಾಂತ್ಯದ್ದು. 1953ರಲ್ಲಿ ಮೈಸೂರಿಗೆ ಸೇರಿತು, ಆದರೆ ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಸಂಡೂರಿಗಂತೂ 1949ರವರೆಗೆ ತನ್ನದೇ ರಾಜರಿದ್ದರು! ಬೀದರ್ ಕಡೆ ಹಳೇ ಜಮೀನಿನ ಕಾಗದ ಉರ್ದುವಿನಲ್ಲಿದ್ದರೆ, ಬಳ್ಳಾರಿ ಕಡೆ ಸಿಗೋದು ಮದ್ರಾಸ್ ಸರ್ಕಾರದ ಕಡತ.

ಇದು ಸುಮ್ನೆ ಹಳೇ ಮಾತಲ್ಲ. ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು. ಹಾಗಾಗಿ ಬಳ್ಳಾರಿಗೆ ಸಂವಿಧಾನದ 371 ಜೆ ವಿಧಿಯಡಿ ಸೀಟು, ನೌಕರಿಯಲ್ಲಿ ಮೀಸಲಾತಿಯ ಸವಲತ್ತು ಸಿಕ್ಕಾಗ ಈ ತಾಲ್ಲೂಕು ಹೊರಗುಳಿಯಿತು. ಹೋರಾಟದ ನಂತರ 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಿಂದ ಬಳ್ಳಾರಿಯಿಂದಲೇ ಒಡೆದ ವಿಜಯನಗರ ಜಿಲ್ಲೆಯಲ್ಲಿದೆ. ಗಡಿ ಗೆರೆ ಅತ್ತಿತ್ತ ಆದರೆ ಹುಡುಗರ ಸೀಟು, ನೌಕರಿ ಎಲ್ಲಾ ಬದಲಾಗುತ್ತದೆ ಅಲ್ವಾ?

ವಿಭಾಗದ ಪ್ರತಿ ತಾಲ್ಲೂಕು ಕಚೇರಿಯಲ್ಲಿ ಒಂದು ನಕ್ಷೆ ಹಾಕಲಿ. ಆ ಊರು ಯಾವ ವರ್ಷದವರೆಗೆ ಯಾರ ಆಡಳಿತದಲ್ಲಿತ್ತು, ಯಾವ ಜಿಲ್ಲೆಯಿಂದ ಯಾವುದಕ್ಕೆ ಬಂತು ಎಂದು ಕನ್ನಡದಲ್ಲಿ ಬರೆಯಲಿ. ಕಚೇರಿಗಳಲ್ಲಿ ಫಲಾನುಭವಿಗಳ ಪೋಸ್ಟರ್‌ಗೆ ಹೇಗೂ ಜಾಗ ಸಿಗುತ್ತದೆ, ಇದಕ್ಕೂ ಒಂದು ಗೋಡೆ ಸಿಕ್ಕೀತು. ಭಾಷಣ ಬರೆದುಕೊಡುವವರೂ ಅದನ್ನೊಮ್ಮೆ ನೋಡಲಿ.

– ಓದುಗ, ಹೊಸಪೇಟೆ