ಇದು ದೇಣಿಗೆಯಲ್ಲ ಮೇಡಂ, ಬಾಕಿ

ಐರ್ಲೆಂಡಿನ ಮಕ್ಕಳ ಇಲಾಖೆ ಸಚಿವೆ ನೋರ್ಮಾ ಫೋಲಿ ಅವರಿಗೆ,

ನಮಸ್ಕಾರ ಮೇಡಂ. ನಾನು ಹಾಸನದ ಕಡೆಯವಳು, ಇಲ್ಲಿ ಗಾಲ್ವೇ ಹತ್ತಿರ ವೃದ್ಧರ ಆರೈಕೆ ಮನೆಯೊಂದರಲ್ಲಿ ನರ್ಸ್. ಇಲ್ಲೇ ದುಡಿದು ಇಲ್ಲೇ ತೆರಿಗೆ ಕಟ್ಟುತ್ತೇನೆ. ಚರ್ಚಿನ ಸಂಸ್ಥೆಗಳು ನಡೆಸಿದ ಮನೆಗಳಲ್ಲಿ ನರಳಿದವರಿಗೆ ಸಿಗಬೇಕಾದ ಪರಿಹಾರದ ಬಗ್ಗೆ ಈ ಪತ್ರ. ನನ್ನ ಹಾಗೆ ಈ ದೇಶಕ್ಕೆ ಬಂದ ಕನ್ನಡದವರೂ ಓದಲಿ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ನೋಡಿಕೊಳ್ಳುವ ಒಬ್ಬ ಅಜ್ಜಿ ಇದ್ದಾರೆ. ಬೆಳಗ್ಗೆ ಕೊಟ್ಟ ಟೋಸ್ಟ್‌ನಲ್ಲಿ ಅರ್ಧ ತಿಂದು, ಉಳಿದಿದ್ದನ್ನು ಟಿಶ್ಯೂನಲ್ಲಿ ಸುತ್ತಿ ದಿಂಬಿನ ಕೆಳಗೆ ಇಡುತ್ತಾರೆ. ಹಾಸಿಗೆ ಬದಲಿಸುವಾಗ ಸಿಗುತ್ತದೆ. ಎಸೆಯುವುದಿಲ್ಲ, ಅಲ್ಲೇ ಇಡುತ್ತೇನೆ. ಸಿಸ್ಟರ್‌ಗಳು ನಡೆಸುತ್ತಿದ್ದ ಇಂಡಸ್ಟ್ರಿಯಲ್ ಸ್ಕೂಲ್ ಒಂದರಲ್ಲಿ, ಅಂದ್ರೆ ಬಡ, ಅನಾಥ ಮಕ್ಕಳನ್ನು ಇಡುತ್ತಿದ್ದ ವಸತಿ ಶಾಲೆಯಲ್ಲಿ ಬೆಳೆದವರು ಅವರು. ಎಪ್ಪತ್ತು ವರ್ಷ ಕಳೆದರೂ ನಾಳೆ ಊಟ ಸಿಗುತ್ತದೆ ಅನ್ನೋ ನಂಬಿಕೆ ಬಂದಿಲ್ಲ.

ಇಂಥ ಶಾಲೆಗಳಲ್ಲಿ ಹಿಂಸೆ ಅನುಭವಿಸಿದವರ ಪರಿಹಾರಕ್ಕಾಗಿ 2002ರ ಜೂನ್‌ನಲ್ಲಿ ನಿಮ್ಮ ಸರ್ಕಾರ ಅವನ್ನು ನಡೆಸಿದ್ದ 18 ಧಾರ್ಮಿಕ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಅವರು ನಗದು, ಆಸ್ತಿ, ಆಪ್ತಸಲಹೆ ಎಲ್ಲ ಸೇರಿ 12.8 ಕೋಟಿ ಯೂರೋ ಕೊಡಬೇಕು. ಅದಕ್ಕೆ ಬದಲಾಗಿ ಮುಂದಿನ ಪರಿಹಾರದ ಹೊರೆ ಸರ್ಕಾರದ್ದು. ಒಟ್ಟು ಎಷ್ಟು ಜನ ಬರುತ್ತಾರೆ, ಎಷ್ಟು ಖರ್ಚಾಗುತ್ತದೆ ಅಂತ ಗೊತ್ತಿಲ್ಲದೆ ಸಹಿ ಹಾಕಿದ ಒಪ್ಪಂದ ಅದು. ಕೊನೆಗೆ ಖರ್ಚು ಸುಮಾರು 150 ಕೋಟಿ ಯೂರೋ ದಾಟಿತು. 2009ರಲ್ಲಿ ಆ ಹಿಂಸೆಯ ತನಿಖೆ ಮಾಡಿದ ರಯಾನ್ ವರದಿ ಬಂದ ಮೇಲೆ ಸರ್ಕಾರ ಅರ್ಧ-ಅರ್ಧ ಹಂಚಿಕೊಳ್ಳೋಣ ಅಂದಿತು. ಅದು ಆಗಲೇ ಇಲ್ಲ. 2013ರಲ್ಲಿ ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ, ಅಂದ್ರೆ ಸಿಸ್ಟರ್‌ಗಳ ಬಟ್ಟೆ ಒಗೆಯುವ ಮನೆಗಳಲ್ಲಿ, ಸಂಬಳವಿಲ್ಲದೆ ದುಡಿದ ಹೆಂಗಸರಿಗೆ ಪರಿಹಾರ ಕೊಡುವಾಗಲೂ ಅವನ್ನು ನಡೆಸಿದ್ದ ನಾಲ್ಕು ಸಂಸ್ಥೆಗಳು ದುಡ್ಡು ಕೊಡಲ್ಲ ಅಂತ ಕೈ ಎತ್ತಿಬಿಟ್ಟವು.

ಈಗ ಮದುವೆಯಾಗದೆ ತಾಯಿಯಾದವರನ್ನೂ ಅವರ ಮಕ್ಕಳನ್ನೂ ಇಡುತ್ತಿದ್ದ ಮದರ್ ಅಂಡ್ ಬೇಬಿ ಹೋಮ್‌ಗಳ ಸರದಿ. ಪರಿಹಾರ ಯೋಜನೆಗೆ ಸುಮಾರು 80 ಕೋಟಿ ಯೂರೋ. ಅದರಲ್ಲಿ ಪಾಲು ಕೊಡಿ ಅಂತ ಸಂಸ್ಥೆಗಳ ಜೊತೆ ಸಂಧಾನ ನಡೆಸಿದವರ ವರದಿ 2025ರ ಏಪ್ರಿಲ್‌ನಲ್ಲಿ ಬಂತು. ಬಾನ್ ಸೆಕೂರ್ ಸಿಸ್ಟರ್‌ಗಳಿಂದ ಸುಮಾರು 1.3 ಕೋಟಿ, ಡಾಟರ್ಸ್ ಆಫ್ ಚಾರಿಟಿಯಿಂದ ಒಂದು ಕಟ್ಟಡ. ಹೆಸರಿಗೆ ತಕ್ಕ ಕೊಡುಗೆ ಅಂದ್ರೆ ಅಷ್ಟೇ.

ನಾನೂ ಕಾನ್ವೆಂಟಿನಲ್ಲಿ ಓದಿದವಳೇ. ನನಗೆ ಅಕ್ಷರ ಕಲಿಸಿದ್ದು ಸಿಸ್ಟರ್‌ಗಳು, ಅವರ ಮೇಲೆ ನನಗೆ ಸಿಟ್ಟಿಲ್ಲ. ಸರ್ಕಾರದ ತಪ್ಪೂ ಕಮ್ಮಿ ಇಲ್ಲ. ಮಕ್ಕಳನ್ನು ಇಂಡಸ್ಟ್ರಿಯಲ್ ಸ್ಕೂಲ್‌ಗಳಿಗೆ ಕಳಿಸಿದ್ದು ಕೋರ್ಟುಗಳು, ತಲೆಗಿಷ್ಟು ಅಂತ ದುಡ್ಡು ಕೊಟ್ಟಿದ್ದು ಸರ್ಕಾರ. ಬಾನ್ ಸೆಕೂರ್ ಸಿಸ್ಟರ್‌ಗಳು ನಡೆಸಿದ, 796 ಮಕ್ಕಳು ತೀರಿಕೊಂಡ ಟ್ಯೂಮ್ ಊರಿನ ಹೋಮ್ ಕೌಂಟಿ ಕೌನ್ಸಿಲ್‌ನದ್ದೇ, ಅಂದ್ರೆ ಸ್ಥಳೀಯ ಸರ್ಕಾರದ್ದೇ ಆಗಿತ್ತು. ಹಾಗಾಗಿ ನನ್ನ ತೆರಿಗೆ ದುಡ್ಡು ಇದಕ್ಕೆ ಹೋಗಲಿ, ಸಂತೋಷ. ಆದರೆ ತಪ್ಪಿನ ಇನ್ನೊಬ್ಬ ಪಾಲುದಾರರಾದ ಧಾರ್ಮಿಕ ಸಂಸ್ಥೆಗಳು ಮನಸ್ಸಿಗೆ ಬಂದಷ್ಟು ಕೊಟ್ಟು ಸುಮ್ಮನಿರುವುದು ಯಾವ ನ್ಯಾಯ?

ಸಂವಿಧಾನದ 44ನೇ ವಿಧಿ ಧಾರ್ಮಿಕ ಸಂಸ್ಥೆಗಳ ಆಸ್ತಿಗೆ ರಕ್ಷಣೆ ಕೊಡುತ್ತದೆ, ಗೊತ್ತು. ಆಸ್ತಿ ಕಿತ್ತುಕೊಳ್ಳಿ ಅಂತ ನಾನು ಕೇಳುತ್ತಿಲ್ಲ. ಯಾವ ಸಂಸ್ಥೆ ಎಷ್ಟು ಆಸ್ತಿ ಮಾರಿದೆ, ಇನ್ನೆಷ್ಟು ಉಳಿದಿದೆ, ಪರಿಹಾರಕ್ಕೆ ಎಷ್ಟು ಕೊಟ್ಟಿದೆ ಅನ್ನೋ ಲೆಕ್ಕವನ್ನು ಜನರ ಮುಂದೆ ಇಡಿ. ಪ್ರತಿ ವರ್ಷ ಇಡಿ.

ಸಂಸ್ಥೆಗಳಿಂದ ಬರುವ ಹಣದಿಂದ ಮೊದಲು ಪರಿಹಾರ ಯೋಜನೆಯ ಆರು ತಿಂಗಳ ನಿಯಮ ತೆಗೆಯಿರಿ. ಹೋಮ್‌ನಲ್ಲಿ ಆರು ತಿಂಗಳಿಗಿಂತ ಕಡಿಮೆ ಇದ್ದ ಮಕ್ಕಳಿಗೆ ಈಗ ಒಂದು ಯೂರೋ ಕೂಡ ಇಲ್ಲ. ಐದು ತಿಂಗಳ ಕೂಸನ್ನು ತಾಯಿಯಿಂದ ದೂರ ಮಾಡಿದ್ದಕ್ಕೆ ಲೆಕ್ಕವೇ ಇಲ್ವಾ ಮೇಡಂ?

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಗಾಲ್ವೇಯ ಒಬ್ಬ ನರ್ಸ್