ಬೆಪ್ಪುವಿನ ಬಿದಿರು

ಬೆಪ್ಪು, ಜಪಾನ್

ಅಪ್ಪ, ಅಮ್ಮನಿಗೆ ನಮಸ್ಕಾರ.

ನಾನು ಆರಾಮಾಗಿದ್ದೇನೆ. ಫೋಟೋ ನೋಡಿ ಅಪ್ಪ ಕೇಳಿದ್ದರಲ್ಲ, "ಅಷ್ಟು ದೊಡ್ಡ ಬುಟ್ಟಿಯೊಳಗೆ ಏನು ತುಂಬ್ತಾರೆ?" ಅಂತ. ಏನೂ ತುಂಬಲ್ಲ ಅಪ್ಪ. ಸುಮ್ನೆ ನೋಡೋದಕ್ಕೆ ಮಾಡಿದ್ದು. ಫೋನಲ್ಲಿ ಹೇಳಿದರೆ ನೀವು ನಗುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇಲ್ಲೂ ತುಂಬೋ ಬುಟ್ಟಿಗಳೇ ಇದ್ದವು. ಈ ಊರಲ್ಲಿ ಎಲ್ಲಿ ನೋಡಿದರೂ ಬಿಸಿನೀರಿನ ಬುಗ್ಗೆ. ಮೈನೋವು ವಾಸಿಯಾಗಲಿ ಅಂತ ಬಂದು ಉಳಿಯುತ್ತಿದ್ದ ಜನ ಅಡುಗೆಗೆ ಬುಟ್ಟಿ ಕೊಳ್ಳುತ್ತಿದ್ದರು, ಹೋಗುವಾಗ ಮನೆಗೂ ಒಯ್ಯುತ್ತಿದ್ದರು. ಬಿದಿರು ಹೆಣೆಯುವ ಕಲಾವಿದ ಶೋನೊ ಶೋಉನ್ಸಾಯ್ ಇಲ್ಲಿಯವರೇ. 1956ರಲ್ಲಿ ಅವರು ಮಾಡಿದ್ದು ಹೆಸರಿಗೆ ಹೂವಿಡುವ ಪಾತ್ರೆ. ನೋಡಿದರೆ ಅಬ್ಬರಿಸಿ ಬರುವ ಸಮುದ್ರದ ಅಲೆ! 1967ರಲ್ಲಿ ಅವರಿಗೆ 'ಜೀವಂತ ರಾಷ್ಟ್ರೀಯ ನಿಧಿ' ಅಂತ ಜಪಾನ್ ಸರ್ಕಾರ ನುರಿತ ಕಲಾವಿದರಿಗೆ ಕೊಡುವ ಗೌರವ ಸಿಕ್ಕಿತು. ಬಿದಿರಿನ ಕೆಲಸದವರಲ್ಲಿ ಅದು ಮೊದಲು ಸಿಕ್ಕಿದ್ದು ಅವರಿಗೇ.

ಹೆಣೆಯೋಕೆ ಕೂರುವ ಮುಂಚೆನೇ ಅರ್ಧ ಜೀವ ಹೋಗುತ್ತದೆ. ಬಿದಿರನ್ನು ಕಾಸ್ಟಿಕ್ ಸೋಡಾ ಹಾಕಿದ ನೀರಲ್ಲಿ ಕುದಿಸಿ ಎಣ್ಣೆ ತೆಗೆಯುತ್ತಾರೆ. ಬಿಸಿಲಿಗೆ ಇಟ್ಟರೆ ಹಸಿರು ಹೋಗಿ ಕೆನೆಬಣ್ಣ ಬರುತ್ತದೆ. ಆಮೇಲೆ ಸೀಳಬೇಕು, ಒಳಭಾಗ ಹೆರೆಯಬೇಕು. ಮರದ ದಿಮ್ಮಿಗೆ ಎರಡು ಅಲಗು ನೆಟ್ಟು, ನಡುವೆ ದಬ್ಬೆ ಎಳೆದು ಅಗಲ ಸಮ ಮಾಡಬೇಕು. ಮೇದಾರರ ಕೇರಿಯಲ್ಲಿ ಮೊರ ಹೆಣೆಯುವುದನ್ನು ನೋಡಿ ಬೆಳೆದ ಅಪ್ಪನಿಗೆ ಇದು ನನಗಿಂತ ಜಾಸ್ತಿ ಅರ್ಥವಾಗುತ್ತದೆ. ಇದನ್ನು ಕಲಿಸಲು ಇಲ್ಲಿ ಸರ್ಕಾರಿ ಶಾಲೆಯೇ ಇದೆ, 2 ವರ್ಷದ ಕೋರ್ಸ್. ನಮ್ಮಲ್ಲೂ ಇಂಥದ್ದು ಊರೂರಿಗೆ ಇರಬೇಕಿತ್ತು, ಅಲ್ವಾ?

ಈಗಿನವರಲ್ಲಿ ನನಗೆ ತುಂಬ ಹಿಡಿಸಿದವರು ತನಾಬೆ ಚಿಕುಉನ್ಸಾಯ್. ಒಸಾಕಾ ಪಕ್ಕದ ಸಕಾಯ್‌ನವರು. ಮುತ್ತಜ್ಜನ ಕಾಲದಿಂದ ಮನೆಯಲ್ಲಿ ಅದೇ ಹೆಸರು, ಇವರು ನಾಲ್ಕನೆಯವರು. 2017ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನೆಲದಿಂದ ಚಾವಣಿ ಮುಟ್ಟುವಷ್ಟು ಎತ್ತರದ ಬಿದಿರಿನ ಕಲಾಕೃತಿ ಹೆಣೆದರು. ಬಿದಿರು ಕೋಚಿ ಪ್ರಾಂತ್ಯದ್ದು, ಮೈಮೇಲೆ ಹುಲಿಯಂಥ ಮಚ್ಚೆ. ಪ್ರದರ್ಶನ ಮುಗಿದರೆ ಇವರು ಎಲ್ಲ ಬಿಚ್ಚಿಬಿಡುತ್ತಾರೆ! ಅದೇ ದಬ್ಬೆಗಳನ್ನು ನೆನೆಸಿ, ಬೇರೆ ಊರಲ್ಲಿ ಬೇರೆ ಆಕಾರ ಕಟ್ಟುತ್ತಾರೆ. ಅಷ್ಟು ಕಷ್ಟಪಟ್ಟಿದ್ದನ್ನು ಬಿಚ್ಚೋಕೆ ನನಗಂತೂ ಕೈ ಬರುತ್ತಿರಲಿಲ್ಲ.

ಬಿದಿರಿನ ಇಂಥ ಕೆಲಸ ಕೊಂಡು ಕೂಡಿಡುವವರಲ್ಲಿ ಅಮೆರಿಕದವರು ಜಾಸ್ತಿ. ಬೆಲೆ ಹೇಳಿದರೆ ಅಪ್ಪ ಬೈತಾರೆ, ಬಿಡಿ. ಅಮ್ಮ, ನಿನಗೆ ಅಕ್ಕಿ ತೊಳೆಯೋ ಬುಟ್ಟಿ ಒಂದು ನೋಡಿಟ್ಟಿದ್ದೇನೆ. ಸೂಟ್‌ಕೇಸಿನಲ್ಲಿ ಹಿಡಿಸಿದರೆ ತರುತ್ತೇನೆ.

ನಿಮ್ಮ ಮಗಳು