ಗೇಮ್ ತಂತ್ರಾಂಶ ನವೀಕರಿಸುವ ಮುನ್ನ ಕಂಟ್ರೋಲರ್ ಹೊಂದಾಣಿಕೆ ಉಳಿಸಿಕೊಳ್ಳಿ

ಮಾನ್ಯ ಸಂಪಾದಕರೇ,

ಹಳೆಯ ವಿಡಿಯೋ ಗೇಮ್‌ಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರ್‌ಗಳ ಹೊಸ ಆವೃತ್ತಿ ಹಾಕುವಾಗ ಕಂಟ್ರೋಲರಿನ ಹೊಂದಾಣಿಕೆಗಳು ಅಳಿಸಿಹೋಗುವುದು ಅನಿವಾರ್ಯವೆಂದು ಅನೇಕರು ನಂಬಿದ್ದಾರೆ. ಅದು ತಪ್ಪು ತಿಳಿವಳಿಕೆ. ಬದಿಯಡ್ಕ ಸಮೀಪದ ನಮ್ಮ ಯುವಕ ಸಂಘದ ಕಂಪ್ಯೂಟರಿನಲ್ಲಿ, ಎಡಗೈಯನ್ನಷ್ಟೇ ಬಳಸಬಲ್ಲ ಹುಡುಗನೊಬ್ಬನಿಗಾಗಿ ಗುಂಡಿಗಳನ್ನೆಲ್ಲ ಒಂದೇ ಬದಿಗೆ ತಂದು ಹೊಂದಿಸಲಾಗಿತ್ತು. ದುರಸ್ತಿಗೆ ಬಂದವರು ನವೀಕರಣದ ಹೆಸರಿನಲ್ಲಿ ಹಳೆಯ ಫೋಲ್ಡರನ್ನೇ ಅಳಿಸಿದ್ದರಿಂದ ಆ ಶ್ರಮವೆಲ್ಲ ಮಣ್ಣುಪಾಲಾಯಿತು. ಉಳಿದ ಮಕ್ಕಳಿಗೆ ಅದು ಅರ್ಧ ಗಂಟೆಯ ಕಿರಿಕಿರಿ. ಅವನಿಗೆ ಮಾತ್ರ ಆಟವೇ ತಪ್ಪಿಹೋಯಿತು.

ನಿಜವಾಗಿ ತಂತ್ರಾಂಶವೂ ಅದರ ಹೊಂದಾಣಿಕೆಗಳೂ ಬೇರೆ ಬೇರೆ ಕಡತಗಳಲ್ಲಿರುತ್ತವೆ. ಎಮ್ಯುಲೇಟರ್‌ಗಳನ್ನು ನಡೆಸಲು ಹೆಚ್ಚು ಬಳಕೆಯಲ್ಲಿರುವ ರೆಟ್ರೋಆರ್ಚ್ ಎಂಬ ತಂತ್ರಾಂಶದಲ್ಲಿ ಮುಖ್ಯ ಹೊಂದಾಣಿಕೆಗಳು 'ರೆಟ್ರೋಆರ್ಚ್ ಡಾಟ್ ಸಿಎಫ್‌ಜಿ' ಎಂಬ ಒಂದೇ ಕಡತದಲ್ಲಿವೆ. ಆಟಕ್ಕೆ ತಕ್ಕಂತೆ ನಾವು ಬದಲಾಯಿಸಿ ಉಳಿಸಿದ ಗುಂಡಿಗಳ ವಿವರ 'ಕಾನ್ಫಿಗ್' ಫೋಲ್ಡರಿನೊಳಗಿನ 'ರೀಮ್ಯಾಪ್ಸ್'ನಲ್ಲಿದೆ. 'ಆಟೋಕಾನ್ಫಿಗ್' ಫೋಲ್ಡರಿನಲ್ಲಿರುವುದು ಪ್ರತಿ ಮಾದರಿಯ ಕಂಟ್ರೋಲರಿಗೆ ಸಿದ್ಧವಾಗಿ ಬರುವ ವಿವರ. ಇದನ್ನೇ ತಿದ್ದಿಟ್ಟುಕೊಂಡವರು, ತಂತ್ರಾಂಶದೊಳಗಿನ ಆನ್‌ಲೈನ್ ಅಪ್‌ಡೇಟರಿನಿಂದ ಕಂಟ್ರೋಲರ್ ಪ್ರೊಫೈಲ್‌ಗಳನ್ನು ನವೀಕರಿಸಿದರೆ ತಮ್ಮ ತಿದ್ದುಪಡಿಯನ್ನು ಕಳೆದುಕೊಳ್ಳುತ್ತಾರೆ. ಆದ್ದರಿಂದ ಸ್ವಂತ ಬದಲಾವಣೆಗಳನ್ನು ರೀಮ್ಯಾಪ್ ಆಗಿಯೇ ಉಳಿಸುವುದು ಕ್ಷೇಮ. ಮೇಮ್ ಎಂಬ ಇನ್ನೊಂದು ಎಮ್ಯುಲೇಟರನ್ನು ಬಳಸುವವರು 'ಸಿಎಫ್‌ಜಿ' ಫೋಲ್ಡರನ್ನು ಕಾಪಾಡಿಕೊಂಡರೆ ಸಾಕು.

ಇವುಗಳ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದಿಟ್ಟು, ಅನ್‌ಇನ್‌ಸ್ಟಾಲ್ ಮಾಡದೆ, ಹೊಸ ಆವೃತ್ತಿಯ ಸಂಕುಚಿತ (ಜಿಪ್‌ನಂತಹ) ಕಡತವನ್ನು ಹಳೆಯ ಫೋಲ್ಡರಿನ ಮೇಲೆಯೇ ಬಿಡಿಸಿದರೆ ಕೆಲಸ ಮುಗಿಯಿತು. ಆದರೆ ಪ್ರತಿ ತೆಗೆಯುವಾಗಲೂ ಮರಳಿಸುವಾಗಲೂ ತಂತ್ರಾಂಶವನ್ನು ಮುಚ್ಚಿರಬೇಕು. ಮುಚ್ಚುವಾಗ ಹೊಂದಾಣಿಕೆಗಳನ್ನು ಉಳಿಸುವ ಆಯ್ಕೆ ಚಾಲನೆಯಲ್ಲಿದ್ದರೆ, ತೆರೆದೇ ಇದ್ದ ತಂತ್ರಾಂಶವು ಮುಚ್ಚಿಕೊಳ್ಳುವ ಹೊತ್ತಿಗೆ ತನ್ನ ನೆನಪಿನಲ್ಲಿದ್ದುದನ್ನೇ ಮತ್ತೆ ಬರೆದು, ನಾವು ಮರಳಿಸಿದ ಕಡತವನ್ನು ನುಂಗಿಬಿಡುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿದೆವೆಂದುಕೊಂಡವರೂ ಸೋಲುವುದು ಇಲ್ಲಿಯೇ. ವಿಂಡೋಸ್‌ನ ಕಡತವನ್ನು ಲಿನಕ್ಸ್‌ಗೆ ಹಾಗೆಯೇ ಒಯ್ಯುವುದೂ ಸಲ್ಲದು; ಕಂಟ್ರೋಲರನ್ನು ಓದುವ ಡ್ರೈವರ್ ಬೇರೆಯಾದಾಗ ಅದೇ ಗುಂಡಿಗೆ ಬೇರೆ ಸಂಖ್ಯೆ ಬರಬಹುದು.

ಕೇರಳದ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವನ್ನೇ ಕಲಿಸುವುದರಿಂದ ನಮ್ಮ ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಲಿನಕ್ಸ್ ಹೊಸತೇನಲ್ಲ. ಆದರೂ ಲಿನಕ್ಸ್‌ನಲ್ಲಿ ರೆಟ್ರೋಆರ್ಚ್‌ನ ಈ ಕಡತಗಳು ಸಾಮಾನ್ಯವಾಗಿ ಹೋಮ್ ಫೋಲ್ಡರಿನೊಳಗೆ, ಹೆಸರಿನ ಮೊದಲು ಚುಕ್ಕಿಯಿರುವ 'ಕಾನ್ಫಿಗ್' ಫೋಲ್ಡರಿನಲ್ಲಿ ಕಣ್ಣಿಗೆ ಬೀಳದೆ ಅಡಗಿರುತ್ತವೆ. ಇಷ್ಟು ಸಣ್ಣ ಮಾಹಿತಿಯೂ ಕನ್ನಡದಲ್ಲಿ ಸಿಗದೆ, ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಮಕ್ಕಳು ಇಂಗ್ಲಿಷ್ ವೀಡಿಯೋಗಳನ್ನು ನೋಡಿ ಊಹಿಸಿಕೊಳ್ಳಬೇಕಾಗಿದೆ.

ಆದಕಾರಣ ತಾವು ತಂತ್ರಜ್ಞಾನ ಪುಟದಲ್ಲಿ ಇಂತಹ ತಂತ್ರಾಂಶಗಳ ನವೀಕರಣದ ಕ್ರಮವನ್ನು ಚಿತ್ರಗಳ ಸಹಿತ ಸರಳ ಕನ್ನಡದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ದುರಸ್ತಿ ಮಾಡುವವರಲ್ಲಿಯೂ ನನ್ನದೊಂದು ವಿನಂತಿಯಿದೆ: ಏನನ್ನಾದರೂ ಅಳಿಸುವ ಮೊದಲು, ಉಳಿಸಿಕೊಳ್ಳಬೇಕಾದ ಹೊಂದಾಣಿಕೆ ಇದೆಯೇ ಎಂದು ಆಡುವ ಮಕ್ಕಳನ್ನೇ ಕೇಳಿ.

ಇತಿ,
ಓರ್ವ ಓದುಗ, ಬದಿಯಡ್ಕ, ಕಾಸರಗೋಡು ಜಿಲ್ಲೆ